ಹೊಗೆಯ ಮೇಲೆ ಹೊರಿಸಿದ ತಪ್ಪು

ಪೇಟೆಯಲ್ಲಿ ಅವನನ್ನು ಎಲ್ಲರೂ ಟೇಪ್ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರು ಒಗ್ಗಿಹೋಗಿತ್ತು. ಯಾರಾದರೂ ಟೇಪ್ ರೆಕಾರ್ಡರ್ ತಂದರೆ ತಿರುಪುಳಿ ಮುಟ್ಟುವ ಮೊದಲು ಸ್ಪೀಕರಿಗೆ ಕಿವಿ ಕೊಟ್ಟು, "ಯಾವಾಗಿಂದ ಹೀಗಿದೆ? ರಾತ್ರಿ ಜಾಸ್ತಿನಾ?" ಎಂದು ವಿಚಾರಿಸುತ್ತಿದ್ದ. ತಂದವರು ನಗುತ್ತಿದ್ದರು. ಅಕ್ಕಪಕ್ಕದ ಅಂಗಡಿಗಳೆಲ್ಲ ಮೊಬೈಲ್ ಕವರು ಮಾರತೊಡಗಿದ ಮೇಲೂ, ಹಳೆಯ ಸೆಟ್ಟಿನ ಮೇಲೆ ಪ್ರಾಣ ಇಟ್ಟುಕೊಂಡವರು ಅವನ ಬಾಗಿಲಿಗೇ ಬರುತ್ತಿದ್ದರು.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅವನ ಮನೆಯ ಸೆಟ್ಟು ಮಾತ್ರ ಟೇಪು ತಿನ್ನುತ್ತಿತ್ತು. ಎರಡು ದೊಡ್ಡ ಸ್ಪೀಕರಿನ, ಮೇಲೆ ಹಿಡಿಕೆಯಿದ್ದ ಟೂ-ಇನ್-ಒನ್ ಅದು. ಅಡುಗೆಮನೆಯ ಗೂಡಿನಲ್ಲಿ, ಒಲೆಯ ಪಕ್ಕದಲ್ಲಿ ಇರುತ್ತಿತ್ತು. ಹಾಡು ಹಾಡುತ್ತಾ ಹಾಡುತ್ತಾ ಅದಕ್ಕೆ ಗಂಟಲು ಕಟ್ಟಿದ ಹಾಗಾಗುತ್ತಿತ್ತು. ಮುಚ್ಚಳ ತೆರೆದರೆ ಕರುಳು ಹೊರಗೆ ಬಂದಂತೆ ಟೇಪಿನ ಸುರುಳಿ. ಹೆಂಡತಿ ಅದನ್ನು ಹುಷಾರಾಗಿ ಬಿಡಿಸಿ, ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಮತ್ತೆ ಸುತ್ತುತ್ತಿದ್ದಳು.

"ರೀ, ಇದನ್ನೊಂದು ಸಲ ನೋಡಬಾರದಾ?"

"ನೋಡೋದೇನಿದೆ? ಎಣ್ಣೆ ಹೊಗೆ. ನಿನ್ನ ಅಡುಗೆಮನೇನೇ ಅದರ ಕಾಯಿಲೆ," ಎಂದು ಅವನು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದ. ಅಂಗಡಿಯಲ್ಲಿ ಅದನ್ನೇ ತಮಾಷೆ ಮಾಡಿಕೊಂಡ: "ನಮ್ಮನೆಯವಳು ನನಗೆ ಅನ್ನ ಹಾಕ್ತಾಳೆ, ಸೆಟ್ಟಿಗೆ ಟೇಪು ಹಾಕ್ತಾಳೆ. ಇಬ್ಬರೂ ತಿಂದ್ಕೊಂಡು ಆರಾಮಾಗಿದ್ದೀವಿ."

ಅವಳು ಮಾತ್ರ ತಮಾಷೆ ಎಂದುಕೊಳ್ಳಲಿಲ್ಲ. ಹಳೆಯ ಹೊದಿಕೆ ಕತ್ತರಿಸಿ ಸೆಟ್ಟಿಗೆ ಗವಸು ಹೊಲಿದಳು. ಬಾಣಲೆ ಇಳಿಸಿದ ಕೂಡಲೇ ಒದ್ದೆ ಬಟ್ಟೆ ಹಿಡಿದು ಗೂಡಿನ ಹಿಂದಿನ ಗೋಡೆ ಉಜ್ಜತೊಡಗಿದಳು. ಹುರಿಯುವಾಗ, ಕರಿಯುವಾಗ ಹಾಡು ಬಂದ್. ತರಕಾರಿ ಹೆಚ್ಚುವಾಗ ಮಾತ್ರ ಹಾಡು. ಹುರಿದದ್ದು ಕರಿದದ್ದು ಇಲ್ಲದಿದ್ದರೆ ಆ ಮನೆಯಲ್ಲಿ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಹಾಗಾಗಿ ಕೊನೆಗೆ ನಿಂತದ್ದು ಬಾಣಲೆಯಲ್ಲ, ಹಾಡು. ಒಂದು ದಿನ ಸ್ಟೂಲು ಹತ್ತಿ ಅವಳೇ ಸೆಟ್ಟನ್ನು ಅಟ್ಟಕ್ಕೆ ಏರಿಸಿದಳು.

ಅದಕ್ಕೂ ಮೊದಲೇ ಅವಳ ಅಕ್ಕನ ಟೇಪು ಹೋಗಿತ್ತು. ಅಕ್ಕ ತಂಗಿ ಇಬ್ಬರೂ ಒಂದು ಮಧ್ಯಾಹ್ನ ಕೂತು ಹರಟೆ ಹೊಡೆದದ್ದನ್ನು ಸುಮ್ಮನೆ ರೆಕಾರ್ಡ್ ಮಾಡಿಕೊಂಡಿದ್ದ ಕ್ಯಾಸೆಟ್ಟು. ಸೆಟ್ಟು ಅದನ್ನು ನುಂಗಿ ಒಂದು ಕಡೆ ನಜ್ಜುಗುಜ್ಜು ಮಾಡಿತು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಅಂಟಿಸಿಕೊಟ್ಟವನು ಅವನೇ. "ನಾನು ಒಲೆ ಆರಿಸಿ ಹಾಕ್ಬೇಕಿತ್ತು," ಎಂದಿದ್ದಳು ಅವಳು. ಅಕ್ಕ ತೀರಿಕೊಂಡ ಮೇಲೂ ಒಂದು ಸಲ ಅದೇ ಮಾತು ಅಂದಳು.

ಈ ಭಾನುವಾರ ಮಗಳು ಬಂದು ಅಟ್ಟ ತಡಕಾಡಿ ಸೆಟ್ಟನ್ನು ಇಳಿಸಿದಳು. "ಅಪ್ಪಾ, ಇಂಥದ್ದಕ್ಕೆ ಈಗ ಜನ ಹುಡುಕಾಡ್ತಾರೆ. ರಿಪೇರಿ ಮಾಡಿಕೊಡು, ಸಂಜೆ ನಮ್ಮನೆಗೆ ತಗೊಂಡು ಹೋಗ್ತೀನಿ."

"ತಗೊಂಡು ಹೋಗೇ," ಎಂದಳು ಅವಳ ಅಮ್ಮ. "ನನ್ನ ಕೈಗೆ ಅದು ಆಗಿಬರಲಿಲ್ಲ."

ಅವನು ಹಜಾರದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಸೆಟ್ಟನ್ನು ಬೋರಲು ಮಲಗಿಸಿದ. ಒಳಗೆ ಜಿಡ್ಡು ಮೆತ್ತಿರುತ್ತದೆಂದು ಸ್ಪಿರಿಟ್ಟು, ಹತ್ತಿ ಎಲ್ಲ ತಯಾರಿಟ್ಟುಕೊಂಡಿದ್ದ. ಬೆನ್ನು ಬಿಚ್ಚಿದರೆ ಒಳಗೆ ಜಿಡ್ಡೇ ಇರಲಿಲ್ಲ. ಅಟ್ಟದ ತೆಳು ಧೂಳು, ಅಷ್ಟೇ. ಅಂಗಡಿಗೆ ಬರುವ ಯಾವ ಸೆಟ್ಟೂ ಇಷ್ಟು ಚೊಕ್ಕಟವಾಗಿ ಇದ್ದದ್ದಿಲ್ಲ.

ಗುಂಡಿ ಒತ್ತಿ ನೋಡಿದ. ಟೇಪನ್ನು ಎಳೆದು ಕೊಡುವ ಕಡೆ ಸರಿಯಾಗಿಯೇ ಎಳೆಯುತ್ತಿತ್ತು. ಬಂದದ್ದನ್ನು ಸುತ್ತಿಕೊಳ್ಳಬೇಕಾದ ಚಕ್ರ ಮಾತ್ರ ಅರ್ಧ ತಿರುಗಿ ನಿಲ್ಲುತ್ತಿತ್ತು. ಕೊಡುವವರು ಕೊಡುತ್ತಲೇ ಇದ್ದು ತೆಗೆದುಕೊಳ್ಳಬೇಕಾದವರು ಕೈ ಕಟ್ಟಿ ಕೂತರೆ ನಡುವೆ ರಾಶಿ ಬೀಳದೆ ಇನ್ನೇನಾಗುತ್ತದೆ? ಆ ಚಕ್ರವನ್ನು ತಿರುಗಿಸುವ ಪುಟ್ಟ ರಬ್ಬರ್ ರಿಂಗಿಗೆ ಬೆಳಕು ಹಿಡಿದ. ಅದು ಕಂಪನಿಯ ರಿಂಗಲ್ಲ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ್ದು. ಒಣಗಿ ಬಿರುಕು ಬಿಟ್ಟಿತ್ತು. ಅಂಚನ್ನು ಓರೆಯಾಗಿ ಕತ್ತರಿಸಿದ ರೀತಿ ನೋಡಿ ಬೆಳಕನ್ನು ಇನ್ನಷ್ಟು ಹತ್ತಿರ ತಂದ. ಪೇಟೆಯಲ್ಲಿ ಹಾಗೆ ಕತ್ತರಿಸುವ ಕೈ ಇದ್ದದ್ದು ಒಂದೇ, ಅವನದು.

ನೆನಪಾಯಿತು: ವರ್ಷಗಳ ಹಿಂದೆ ಅಂಗಡಿಗೆ ಬಂದಿದ್ದ ಒಂದು ನಾಟಕದ ತಂಡ. ಅವತ್ತೇ ಸಂಜೆ ಪ್ರದರ್ಶನ, ಸೆಟ್ಟು ಕೈಕೊಟ್ಟಿತ್ತು. ಅಂಗಡಿಯಲ್ಲಿ ರಿಂಗು ಮುಗಿದಿತ್ತು. ಅವನು ಮನೆಗೆ ಓಡಿಬಂದಾಗ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಡುಗೆಕಟ್ಟೆಯ ಮೇಲೇ ಸೆಟ್ಟು ಬಿಚ್ಚಿ, ಒಳ್ಳೆಯ ರಿಂಗು ತೆಗೆದು, ಟ್ಯೂಬಿನದನ್ನು ತೊಡಿಸಿ, ಎರಡು ದಿನದಲ್ಲಿ ಹೊಸದು ಹಾಕಿದರಾಯಿತು ಎಂದುಕೊಂಡು ಹೋಗಿದ್ದ. ನಾಟಕದವರು ಅವನನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸಿದ್ದರು.

ಮರೆತೇಹೋಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಅದೂ ಪೂರ್ತಿ ನಿಜವಲ್ಲ. ಸೆಟ್ಟು ಮೊದಲ ಸಲ ಟೇಪು ತಿಂದಾಗ ಆ ರಿಂಗು ಒಂದು ಗಳಿಗೆ ಕಣ್ಣ ಮುಂದೆ ಹಾದುಹೋಗಿತ್ತು. ಆದರೆ ಬಿಸಿ ಬಿಸಿ ಊಟ ಎದುರಿಗಿತ್ತು, 'ಹೊಗೆ' ಎನ್ನುವ ಮಾತು ನಾಲಿಗೆಗೆ ಸುಲಭವಾಗಿ ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮನೆಯಲ್ಲಿ ನೆಲ ಡೊಂಕು ಅಂದವನು ಅವನು; ಆ ನೆಲವನ್ನು ದಿನಾ ಒರೆಸಿದವಳು ಅವಳು.

ಹೊಸ ರಿಂಗು ಹಾಕಿದ. ಸೆಟ್ಟು ತಕರಾರಿಲ್ಲದೆ ಹಾಡಿತು.

"ನೋಡಮ್ಮ, ನಿನ್ನ ಅಡುಗೆಮನೆ ಬಿಟ್ಟು ಆಚೆ ಬಂದಿದ್ದೇ ತಡ, ಗುಣ ಆಯ್ತು!" ಎಂದು ಮಗಳು ನಕ್ಕಳು.

"ಹೌದು ಕಣೆ. ನಿಮ್ಮನೇಲಿ ಒಲೆ ಹತ್ರ ಇಡ್ಬೇಡ ಮತ್ತೆ." ಅವಳು ನಗಲಿಲ್ಲ. ಬುದ್ಧಿಮಾತಿನಂತೆ ಹೇಳಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ಸೆಟ್ಟು ಮಗಳ ಮನೆ ಸೇರುತ್ತಿತ್ತು, ಟ್ಯೂಬಿನ ಕಥೆಯೂ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. "ಹೊಗೆ ಅಲ್ಲ," ಎಂದ.

"ಏನು ಹೊಗೆ ಅಲ್ಲ?"

"ಅದು ಕೆಟ್ಟಿದ್ದು ಹೊಗೆಯಿಂದಲ್ಲ. ಒಳಗಿನ ರಿಂಗನ್ನ ನಾನೇ ಬಿಚ್ಚಿ ನಾಟಕದವರ ಸೆಟ್ಟಿಗೆ ಹಾಕಿದ್ದೆ. ಇದಕ್ಕೆ ಸೈಕಲ್ ಟ್ಯೂಬಿನ ಚೂರು ತೊಡಿಸಿದ್ದೆ. ಆಮೇಲೆ... ನೋಡ್ಲಿಲ್ಲ."

ಹೆಂಡತಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು. "ಹಾಗಾದ್ರೆ ಆ ಗೋಡೆ?"

"ಯಾವ ಗೋಡೆ?"

"ಯಾವ ಗೋಡೆ ಅಂತಾರಲ್ಲೇ ನಿಮ್ಮಪ್ಪ!"

"ಬಿಡಮ್ಮ, ಹಳೇ ಕಥೆ," ಎಂದಳು ಮಗಳು.

"ನೀನು ಸುಮ್ನಿರು. ಸೆಟ್ಟನ್ನ ಒಳಗೆ ತಗೊಂಡು ಬಾ."

ಸೆಟ್ಟು ಮತ್ತೆ ಒಲೆಯ ಪಕ್ಕದ ಗೂಡಿಗೆ ಬಂತು. ಅವಳು ಡಬ್ಬಿಯಿಂದ ಅಕ್ಕನ ಕ್ಯಾಸೆಟ್ಟು ತೆಗೆದು ಹಾಕಿದಳು. ಗಂಡನ ಮುಂದೆ ಈರುಳ್ಳಿಯ ಬುಟ್ಟಿ ಸರಿಸಿ ತಾನು ಸ್ಟೂಲಿನ ಮೇಲೆ ಕೂತಳು. "ಹೆಚ್ಚಿ ಹುರೀರಿ. ಎಣ್ಣೆ ಧಾರಾಳವಾಗಿರಲಿ. ಹೊಗೆ ಬರ್ಬೇಕು."

"ಪರೀಕ್ಷೆನಾ?"

"ಅಂಗಡೀಲಿ ಓಡಿಸಿ ನೋಡ್ದೆ ಯಾರಿಗಾದ್ರೂ ಸೆಟ್ಟು ಕೊಡ್ತೀರಾ? ನಾನೂ ನೋಡ್ತೀನಿ."

ಈರುಳ್ಳಿ ಕಂದಿತು, ಸೀಯಿತು. ಹೊಗೆ ಗೂಡನ್ನು ಮುಚ್ಚಿತು. ಮಗಳು ಕೆಮ್ಮುತ್ತಾ ಕಿಟಕಿ ತೆರೆದಳು. ಟೇಪು ಮಾತ್ರ ನೀಟಾಗಿ ಸುತ್ತಿಕೊಳ್ಳುತ್ತಿತ್ತು. ತಾನು ರಿಪೇರಿ ಮಾಡಿದ ಸೆಟ್ಟು ಒಂದೇ ಒಂದು ಸಲ ತೊಡರಲಿ ಎಂದು ಟೇಪ್ ಡಾಕ್ಟರ್ ಜನ್ಮದಲ್ಲಿ ಮೊದಲ ಬಾರಿಗೆ ಬೇಡಿಕೊಂಡ. ಅದು ತೊಡರಲಿಲ್ಲ. ತಿರುಗಿದ ಒಂದೊಂದು ಸುತ್ತೂ ಅವನ ಮೇಲೆ ಸಾಕ್ಷಿ ಹೇಳುತ್ತಿತ್ತು.

ಹೊಗೆಯೊಳಗಿಂದ ಅಕ್ಕನ ದನಿ ಬಂತು: "ಅಷ್ಟು ಜನರ ಎದುರಿಗೆ ಆ ಮನುಷ್ಯ ಏನಂದ ಗೊತ್ತೇನೇ—" ಅವನು ಕತ್ತರಿಸಿ ಅಂಟಿಸಿದ ಜಾಗದಲ್ಲೊಂದು ಟಕ್ ಸದ್ದು. ಮರುಕ್ಷಣ ಇಬ್ಬರು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

"ಏನಂದಿದ್ದ ಅವನು?" ಎಂದು ಕೇಳಿದಳು ಮಗಳು.

"ಮರೆತುಹೋಗಿದೆ," ಎಂದಳು ಅವಳ ಅಮ್ಮ. "ಟೇಪಲ್ಲಿ ಇದೆಯಲ್ಲ ಅಂತ ನೆನಪಿಟ್ಕೊಂಡಿರ್ಲಿಲ್ಲ."

ಅವನು ಒಲೆ ಆರಿಸಿದ. ಕಣ್ಣು ಉರಿಯುತ್ತಿತ್ತು, ಈರುಳ್ಳಿ ಇತ್ತಲ್ಲ, ಯಾರೂ ಕೇಳಲಿಲ್ಲ. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಗುಂಡಿ ತಾನಾಗಿ ಮೇಲೆದ್ದಾಗ ಅವಳು ಸ್ಟೂಲಿನಿಂದ ಎದ್ದಳು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅವನ ಹೆಗಲ ಮೇಲೆ ಹಾಕಿದಳು.

"ಇದೇ ರೀ, ಆ ಗೋಡೆ," ಎಂದು ತೋರಿಸಿ, ಟೇಪಿನ ಇನ್ನೊಂದು ಬದಿ ತಿರುಗಿಸಿ ಹಾಕಿದಳು.