ಮಿಸ್ ಡೊರತಿ ಆಡಿದ ಕನ್ನಡ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸಿಗೆ ಮಂಗಳವಾರ ಬಂತೆಂದರೆ ಮೈಮೇಲೆ ದೇವಿ ಬರುತ್ತಿದ್ದಳು. ಓಣಿಗೆ ಓಣಿಯೇ ಕೈಮುಗಿದು ನಿಂತಿದ್ದರೆ, ಒಂದು ಕೊಡ ತಣ್ಣೀರು ಸುರಿದು ನೋಡಿರೆಂದು ಹೇಳಿ ನಾನು ಅವ್ವನಿಂದ ಬೈಸಿಕೊಂಡಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಇದು ನನ್ನೆದುರಿಗೇ ನಡೆಯಿತು, ನಾನೇ ಕಿವಿಯಾರೆ ಕೇಳಿದೆ, ಅಷ್ಟೇ. ನೆನೆದಾಗಲೆಲ್ಲ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ವಡಾಲದಲ್ಲಿ ಒಂದು ಕನ್ನಡ ಶಾಲೆಯಲ್ಲಿ ನಾನು ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದೆ. ಮಕ್ಕಳ ತಂದೆತಾಯಿಯರಲ್ಲಿ ಹೆಚ್ಚಿನವರು ವಿಜಾಪುರದ ಕಡೆಯವರು; ಬಂದರಿನಲ್ಲೋ ರೈಲ್ವೆಯಲ್ಲೋ ದುಡಿಯುವವರು. ಆ ವರ್ಷ ವಿದೇಶದಿಂದ ಒಂದು ಕ್ರೈಸ್ತ ಮಿಷನ್ನಿನ ತಂಡ ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂತು. ನನಗೂ ಸಂತೋಷವೇ ಆಗಿತ್ತು. ಇಂಗ್ಲಿಷ್ ಬಾರದೆ ಈ ಊರಿನಲ್ಲಿ ಎಷ್ಟು ಕಡೆ ತಲೆ ತಗ್ಗಿಸಬೇಕಾಗುತ್ತದೆಂದು ನನಗೆ ಗೊತ್ತಿತ್ತು.

ನನ್ನ ವರ್ಗಕ್ಕೆ ಬಂದವಳು ಮಿಸ್ ಡೊರತಿ. ಐವತ್ತರ ಆಸುಪಾಸಿನ, ಎತ್ತರದ, ಬಹಳ ಶಿಸ್ತಿನ ಹೆಂಗಸು. ಬಂದ ವಾರದಲ್ಲೇ ಒಂದು ನಿಯಮ ಮಾಡಿದಳು: ತನ್ನ ತಾಸಿನಲ್ಲಿ ಯಾರೂ ಕನ್ನಡ ಆಡಕೂಡದು, ಆಡಿದವರು ತಾಸು ಮುಗಿಯುವವರೆಗೆ ಬಾಯಿ ಮೇಲೆ ಬೆರಳಿಟ್ಟು ಕೂರಬೇಕು. ನಾನು ಒಳಗಿದ್ದರೆ ಮಕ್ಕಳು ನನ್ನ ಹತ್ತಿರ ಕನ್ನಡದಲ್ಲಿ ಕೇಳುತ್ತಾರೆಂದು ನನ್ನನ್ನೂ ಹೊರಗೆ ಕೂರಿಸಿದಳು. ನಾನು ಹೆಡ್‌ಮಾಸ್ತರರ ಹತ್ತಿರ ಹೋಗಿ ಜಗಳವಾಡಿದೆ.

"ಸಣ್ಣ ಹುಡುಗ್ರು ಸರ್. ಏನರೆ ಬೇಕಾದ್ರ ಯಾರಿಗೆ ಹೇಳಬೇಕು?"

"ಇಂಗ್ಲಿಷ್‌ನ್ಯಾಗ ಹೇಳ್ಲಿ. ಅದಕ್ಕ ಅಲ್ಲೇನು ಅವರು ಬಂದದ್ದು? ನೀವು ಸುಮ್ನ ತಕರಾರು ತಗೀಬ್ಯಾಡ್ರಿ" ಎಂದರು ಅವರು.

ಆ ದಿನ ಸಂಜೆ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಹಾಡಿನ ತಾಲೀಮು ನಡೆದಿತ್ತು. ಮಿಸ್ ಡೊರತಿ ಕೈ ಆಡಿಸುತ್ತ ಹಾಡಿಸುತ್ತಿದ್ದಳು. ಮಕ್ಕಳನ್ನು ಮನೆಗೆ ಕಳಿಸಲೆಂದು ನಾನೂ, ನಮ್ಮ ಶಾಲೆಯ ಆಯಾ ಹುಸೇನಬಿಯೂ ಮೆಟ್ಟಿಲ ಹತ್ತಿರ ಕಾಯುತ್ತಿದ್ದೆವು. ಇನ್ನೂ ಚೆನ್ನಾಗಿ ಬಿಸಿಲಿತ್ತು.

ಹಾಡಿನ ನಡುವೆ ಮಿಸ್ ಡೊರತಿಯ ಕೈ ಎತ್ತಿದಲ್ಲೇ ನಿಂತಿತು. ಮಕ್ಕಳೂ ಹಾಡು ನಿಲ್ಲಿಸಿದರು. ಅವಳು ನನ್ನ ಕಡೆಗೆ ತಿರುಗಿದಳು. ದನಿ ಅವಳದೇ, ಆ ದಪ್ಪ ದನಿಯೇ. ಮಾತು ಮಾತ್ರ ಅವಳದಲ್ಲ.

"ಅಕ್ಕೋರ, ಹೊಟ್ಟಿ ಭಾಳ ನೂಸಾಕತ್ತೈತ್ರಿ. ನೀರಿನ ಟಾಕಿ ಹಿಂದ ಅದೀನ್ರಿ. ಏಳಾಕ ಬರವಲ್ದು."

ಹೊಟ್ಟೆನೋವನ್ನು ವಿಜಾಪುರದ ಹಳ್ಳಿಯ ಮಗು ಹೇಳುವ ಹಾಗೆಯೇ ಹೇಳಿದಳು. ನಮ್ಮ ಮಕ್ಕಳು ನನ್ನನ್ನು ಕರೆಯುತ್ತಿದ್ದದ್ದು ಅಕ್ಕೋರ ಎಂದೇ. ಆ ಹೆಂಗಸಿಗೆ ಕನ್ನಡದಲ್ಲಿ ನಮಸ್ಕಾರ ಎನ್ನಲೂ ಬರುತ್ತಿರಲಿಲ್ಲ. ಮರುಕ್ಷಣ ಅವಳು ಏನೂ ಆಗಿಲ್ಲದವಳಂತೆ ಮತ್ತೆ ಕೈ ಆಡಿಸತೊಡಗಿದಳು. ಮಕ್ಕಳು ಹಾಡುತ್ತಿಲ್ಲವೆಂದು ಗದರಿದಳು.

"ಯಾ ಅಲ್ಲಾ! ಮೇಮ್ ಕನ್ನಡ ಮಾತಾಡಿದ್ಳ್ರಿ ಅಕ್ಕೋರ!" ಎಂದು ಹುಸೇನಬಿ ನನ್ನ ತೋಳು ಹಿಡಿದಳು. ಅವಳು ಹಾಗೆ ಹೇಳದಿದ್ದರೆ ಇವತ್ತು ಇದು ನನ್ನ ಭ್ರಮೆಯೆಂದು ಸುಮ್ಮನಾಗಿಬಿಡುತ್ತಿದ್ದೆ.

ಇಬ್ಬರೂ ಓಡಿದೆವು. ಶಾಲೆಯ ಹಿಂಭಾಗದಲ್ಲಿ ನೀರಿನ ಟಾಕಿ ಮತ್ತು ಕಾಂಪೌಂಡ್ ಗೋಡೆಯ ನಡುವಿನ ಸಂದಿಯಲ್ಲಿ ನನ್ನ ವರ್ಗದ ಕಾಶವ್ವ ಮೊಣಕಾಲು ಎದೆಗೊತ್ತಿಕೊಂಡು ಬಿದ್ದಿದ್ದಳು. ತುಟಿ ಬೆಳ್ಳಗಾಗಿತ್ತು. ಕರೆದರೆ ಕಣ್ಣು ತೆರೆದಳೇ ಹೊರತು ದನಿ ಹೊರಡಲಿಲ್ಲ. ಹುಸೇನಬಿ ಅವಳನ್ನು ಎತ್ತಿಕೊಂಡಳು. ನಾನು ರಸ್ತೆಗೆ ಓಡಿ ಟ್ಯಾಕ್ಸಿ ತಂದೆ. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತೆಂದು ಆಸ್ಪತ್ರೆಯಲ್ಲಿ ತಕ್ಷಣ ಆಪರೇಷನ್ ಮಾಡಿದರು. ಹುಡುಗಿ ಉಳಿದಳು.

ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಅವಳಪ್ಪ ಯಲ್ಲಪ್ಪ ಸುದ್ದಿ ತಿಳಿದು ಆಸ್ಪತ್ರೆಗೆ ಓಡಿ ಬಂದ. ದಾರಿಯಲ್ಲಿ ಮಗಳ ಗೆಳತಿಯರು ಅವನಿಗೆ ಎಲ್ಲವನ್ನೂ ಹೇಳಿದ್ದರು. ನನ್ನನ್ನು ನೋಡಿದವನೇ, "ಮಧ್ಯಾನ್ಹದಾಗ ಮಿಸ್‌ಗೆ ಮತ್ ಮತ್ ಹೇಳ್ಯಾಳಂತ್ರಿ ಅಕ್ಕೋರ, ಹೊಟ್ಟಿ ನೂಸಾಕತ್ತೈತಿ ಅಂತ. ಬಾಯಿಗೆ ಬಳ್ಳಿಟ್ಟು ಕುಂದ್ರು ಅಂದಾರಂತ" ಎಂದ. ಅಷ್ಟು ಹೇಳಿ ಅಲ್ಲೇ ಕುಳಿತುಬಿಟ್ಟ. ದಿನದ ಕೊನೆಯದಾದ ಆ ತಾಸು ಮುಗಿದ ಮೇಲೆ ನೀರು ಕುಡಿಯಲು ಹೋದವಳು ಟಾಕಿಯ ಹತ್ತಿರವೇ ಬಿದ್ದಿದ್ದಳು. ಅವಳು ಹೋದದ್ದನ್ನು ಯಾರೂ ನೋಡಿರಲಿಲ್ಲ.

ಮಿಸ್ ಡೊರತಿಯೂ ಆಸ್ಪತ್ರೆಗೆ ಬಂದಳು. ಅವಳ ಮುಖ ಸುಟ್ಟುಕೊಂಡ ಹಾಗಿತ್ತು. ಅವಳು ಕನ್ನಡ ಆಡಿದಳೆಂದು ಮಕ್ಕಳು ಅವಳಿಗೆ ಹೇಳಿದ್ದರಂತೆ; ತಾನು ಏನು ಹೇಳಿದೆನೆಂದು ನನ್ನನ್ನೇ ಕೇಳಿದಳು. ಅವಳಿಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ. ನಾನು ಆ ಮಾತನ್ನು ಹೇಳಿ ತೋರಿಸಿದೆ. ಅನ್ನಲು ನೋಡಿದಳು, 'ಹೊಟ್ಟಿ' ಎಂಬ ಶಬ್ದಕ್ಕೇ ನಾಲಿಗೆ ತೊಡರಿ 'ಹೋಟಿ' ಎಂದಳು. ಎಷ್ಟು ಸಲ ಹೇಳಿಕೊಟ್ಟರೂ ಬರಲಿಲ್ಲ. ಕೊನೆಗೆ ಅವಳು ಅತ್ತಳು. ಆಗ ಮಾತ್ರ ನನಗೆ ಅವಳ ಮೇಲೆ ಸ್ವಲ್ಪ ಕರುಣೆ ಬಂತು.

ಆದರೆ ಆ ಕರುಣೆ ಹೆಚ್ಚು ದಿನ ಉಳಿಯಲಿಲ್ಲ. ಕಾಶವ್ವನ ಹೊಲಿಗೆ ಮಾಯುತ್ತಿದ್ದಂತೆಯೇ ತಂಡದವರು ಬಾಂದ್ರಾದ ಒಂದು ಸಭಾಗೃಹದಲ್ಲಿ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡರು. ಹುಡುಗಿಗೆ ಹೊಸ ಫ್ರಾಕು ತೊಡಿಸಿ ವೇದಿಕೆಯ ಮೇಲೆ ನಿಲ್ಲಿಸಿದರು. ಅರಿಯದ ಭಾಷೆಯನ್ನು ದೇವರು ಮಿಸ್ ಡೊರತಿಯ ನಾಲಿಗೆಯಲ್ಲಿ ಆಡಿಸಿದನೆಂದು ಅವರ ಮುಖಂಡರು ಹೇಳಿದರು. ಜನ ಕಣ್ಣೀರಿಟ್ಟರು. ನಮ್ಮ ಹೆಡ್‌ಮಾಸ್ತರರು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಮಧ್ಯಾಹ್ನದ ತಾಸಿನಲ್ಲಿ ಆದದ್ದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ನಾನು ಎದ್ದು ನಿಂತೆ. ನನಗೆ ಬರುವ ಇಂಗ್ಲಿಷಿನಲ್ಲೇ, "ಈ ಹುಡುಗಿ ತನ್ನ ಬಾಯಿಂದಲೇ ಹೇಳಿದ್ದಳು, ನೀವು ಅವಳ ಬಾಯಿ ಮುಚ್ಚಿಸಿದಿರಿ" ಎಂದೆ. ಹೆಡ್‌ಮಾಸ್ತರರು ಬಂದು ನನ್ನ ಪಕ್ಕದಲ್ಲಿ ಬಗ್ಗಿ, "ಹುಡುಗಿ ಉಳೀತಲ್ಲ, ಕುಂದರ್ರಿ ಇನ್ನ" ಎಂದು ಹಲ್ಲು ಕಡಿದರು. ನಾನು ಕೂರದೆ ಯಲ್ಲಪ್ಪನನ್ನೂ ಕಾಶವ್ವನನ್ನೂ ಕರೆದುಕೊಂಡು ಹೊರಬಿದ್ದೆ. ಮಿಸ್ ಡೊರತಿ ತಲೆ ಎತ್ತಿ ನೋಡಲಿಲ್ಲ.

ಮುಂದಿನದನ್ನು ಹೇಳಿದರೆ ನೀವು ಇದನ್ನಂತೂ ನಂಬುವುದಿಲ್ಲ. ನಿಯಮ ಹಾಗೆಯೇ ಉಳಿಯಿತು. ಆ ತಂಡ ಊರಿಗೆ ಮರಳುವ ದಿನದವರೆಗೂ ಕನ್ನಡ ಆಡಿದ ಮಕ್ಕಳು ಬಾಯಿ ಮೇಲೆ ಬೆರಳಿಟ್ಟೇ ಕುಳಿತರು.

ತಿಳಿದವರನ್ನು ನಾನು ಆಮೇಲೆ ಕೇಳಿದ್ದೇನೆ. ಮಗು ಹೇಳಿದ್ದು ಮಿಸ್ ಡೊರತಿಯ ಮನಸ್ಸಿನಲ್ಲಿ ಕುಳಿತು ತಾನಾಗಿ ಹೊರಬಂದಿರಬೇಕೆಂದು ಒಬ್ಬರೆಂದರು. ಹಾಗಾದರೆ ಟಾಕಿಯ ಮಾತು? ಅದನ್ನು ಕಾಶವ್ವ ವರ್ಗದಲ್ಲಿ ಹೇಳಿರಲಿಲ್ಲ. ಆಗ ಅವಳು ಅಲ್ಲಿಗೆ ಹೋಗಿಯೂ ಇರಲಿಲ್ಲ. ದೇವರೇ ಆಡಿಸಿದನೆಂದು ಹೇಳುವವರೊಡನೆ ನಾನು ಈಗ ವಾದಕ್ಕಿಳಿಯುವುದಿಲ್ಲ. ಇರಬಹುದು. ಆದರೆ ಆ ಹೆಂಗಸಿನ ನಾಲಿಗೆಗೆ ಅಷ್ಟು ಚೆಂದದ ಕನ್ನಡ ಕೊಟ್ಟವನು, ಮಧ್ಯಾಹ್ನ ಮಗು ಎದುರಿಗೇ ನಿಂತು ಹೇಳುತ್ತಿದ್ದಾಗ ಅವಳ ಕಿವಿಗೆ ಅದನ್ನು ಏಕೆ ಕೊಡಲಿಲ್ಲ?