ಜೋಗಮ್ಮನ ಮನೆಯ ಸೌದೆ ತೂಕ

ಮೊಳಕಾಲ್ಮುರು ಸೀಮೆಯ ಸಿದ್ದಾಪುರದಾಚೆ, ಗುಡ್ಡದಡಿಯ ಹಟ್ಟಿಯಲ್ಲಿ ಇನ್ನೂ ನಸುಗತ್ತಲು. ಪ್ರೇಮಲತಾ ಜಾಲಿ ಸೌದೆಯ ಹೊರೆಯನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಮುಳ್ಳು ನಿಲ್ಲುವುದನ್ನೇ ಕಾಯುತ್ತಾರೆ. ನಿನ್ನೆ ಬೆಳಿಗ್ಗೆ ಹನ್ನೆರಡು ಕೆ.ಜಿ. ಇತ್ತು. ಇವತ್ತೂ ಹನ್ನೆರಡೇ. ಮತ್ತೆ ತೂಗಿದರೂ ಅಷ್ಟೇ. ಅವರ ಮುಖ ಬಿಳಿಚಿಕೊಳ್ಳುತ್ತದೆ.

ದೇಶದ ಅಡುಗೆಮನೆಗಳು ಎಷ್ಟು ಇಂಧನ ಉರಿಸುತ್ತವೆ, ಭೂಮಿಯ ಬಿಸಿಯೇರಿಸುವ ಅನಿಲ ಅದರಿಂದ ಎಷ್ಟು ಗಾಳಿಗೆ ಸೇರುತ್ತದೆ ಎಂಬ ಅಂದಾಜಿಗೆ ಇಂಥ ತೂಕಗಳೇ ಬುನಾದಿ. ಹಿಂದೆ ಮೊಳಕಾಲ್ಮುರಿನ ಸೀರೆ ಮಗ್ಗಗಳಿಗೆ ರೇಷ್ಮೆ ನೂಲು ಸುತ್ತುತ್ತಿದ್ದ ಪ್ರೇಮಲತಾ, ಈಗ ಒಂದು ಸಂಶೋಧನಾ ತಂಡಕ್ಕಾಗಿ ದಿನಕ್ಕೆ ಏಳೆಂಟು ಮನೆಯ ಸೌದೆ ತೂಗುತ್ತಾರೆ. ಮರುದಿನ ಬಂದು ಉಳಿದದ್ದನ್ನು ತೂಗಿದರೆ, ಉರಿದದ್ದೆಷ್ಟೆಂದು ತಿಳಿಯುತ್ತದೆ.

ಜನಕ್ಕೆ ಇವರನ್ನು ಕಂಡರೆ ದಿಗಿಲು. ಸೌದೆ ಉರಿಸುವವರ ಗ್ಯಾಸ್ ಸಬ್ಸಿಡಿ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದೆ. ಹೋದ ತಿಂಗಳು ಚಳ್ಳಕೆರೆ ಕಡೆಯ ಹಳ್ಳಿಯೊಂದರಲ್ಲಿ ಗಂಡಸರು ಸುತ್ತುವರಿದು ತಕ್ಕಡಿ ಕಿತ್ತುಕೊಂಡಿದ್ದರು. "ಈಗ್ಲೂ ಬಾಗ್ಲು ತಟ್ಟೋಕ್ ಮುಂಚೆ ನಾಲಿಗೆ ಒಣಗ್ತೈತೆ ಸಾರ್" ಎಂದು, ವರದಿಗಾಗಿ ಜೊತೆ ಬಂದಿರುವ ನನಗೆ ಹೇಳುತ್ತಾರೆ.

ಇವತ್ತಿನ ಹೆದರಿಕೆ ಬೇರೆ. ಈ ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ.

"ಅಜ್ಜಿ, ನಿನ್ನೆ ಒಲೆ ಹಚ್ಚಿಲ್ವಾ?"

ಮನೆಯೊಡತಿ ಜೋಗಮ್ಮ ತಲೆ ತಗ್ಗಿಸುತ್ತಾರೆ. "ಸಿಲಿಂಡರ್ ಖಾಲಿ ಐತೆ. ಸೌದೆ ಉರ್ಸಿದ್ರೆ ಗ್ಯಾಸ್ ಕಾರ್ಡು ಕಿತ್ಕೊಂತಾರೆ ಅಂದ್ರು ಕಣವ್ವ. ಮಂಡಕ್ಕಿ ನೆನೆಸಿ ತಿಂದ್ವಿ."

ತಕ್ಕಡಿ ಬಿಸುಟು ಪ್ರೇಮಲತಾ ಒಳಗೆ ನುಗ್ಗುತ್ತಾರೆ. ಮೂಲೆಯಲ್ಲಿ ಮಲಗಿರುವ ಸೊಸೆಯ ಮಗ್ಗುಲಲ್ಲಿ ಮಗು ಅಲುಗುತ್ತಿಲ್ಲ. ಮುಟ್ಟಿದರೆ ಅಂಗಾಲು ತಣ್ಣಗಿದೆ.

"ಎದೆಗೆ ಅವುಚ್ಕಳವ್ವ, ಬಿಡಬ್ಯಾಡ!"

ತೂಗಿದ ಸೌದೆಯನ್ನೇ ಒಲೆಗೆ ಒಟ್ಟಿ ಬೆಂಕಿ ಹಚ್ಚುತ್ತಾರೆ. ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತಾರೆ. ಗಂಜಿಗೆ ನೀರಿಡುತ್ತಾರೆ. ಬಾಣಂತಿ ಬಿಸಿ ಗಂಜಿ ಕುಡಿದು ಎಷ್ಟೋ ಹೊತ್ತಾದ ಮೇಲೆ ಮಗು ಸಣ್ಣಗೆ ಕುಂಯ್‌ಗುಟ್ಟಿ, ಆಮೇಲೆ ಜೋರಾಗಿ ಅಳುತ್ತದೆ. ಅಷ್ಟರಲ್ಲಿ ಬಂದ ಆಶಾ ಕಾರ್ಯಕರ್ತೆ, ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಲು ಗಾಡಿಗೆ ಹೇಳುತ್ತಾರೆ.

ಗಾಡಿ ಹೋದ ಮೇಲೂ ಪ್ರೇಮಲತಾ ಜಗಲಿಯ ಮೇಲೆ ಕೂತೇ ಇದ್ದಾರೆ. ಮೊಬೈಲಿನಲ್ಲಿ ನಿನ್ನೆ ಉರಿದ ಸೌದೆಯ ತೂಕ ತುಂಬಬೇಕಾದ ಜಾಗ ಖಾಲಿಯಿದೆ.

"ಸೊನ್ನೆ ಅಂತ ಕಳಿಸಿದ್ರೆ, ಈ ಮನೇಲಿ ಹೊಗೇನೇ ಇಲ್ಲ ಅಂತ ತಂಡದೋರು ಖುಷಿ ಪಡ್ತಾರೆ ಸಾರ್. ಹೆದರ್ಕೊಂಡು ಅರೆಹೊಟ್ಟೇಲಿ ಇದ್ರು ಅಂತ ಯಾರಿಗ್ ಗೊತ್ತಾಗ್ತೈತೆ? ಇದನ್ನ ನಾನು ಕಳ್ಸಲ್ಲ. ಇವ್ರು ಧೈರ್ಯವಾಗಿ ಒಲೆ ಹಚ್ಲಿ, ಆವಾಗ ಬಂದು ತೂಗ್ತೀನಿ."