ನಾಲ್ಕು ತುಂಡಾದ ಜಾವಾ

ಹೊಸೂರಿನ ನಮ್ಮ ಆಫೀಸಿನಲ್ಲಿ ಜಾವಾ ಬಲ್ಲವರು ಒಬ್ಬರೇ ಇದ್ದರು. ಆ ಒಬ್ಬರಾಗಲು ನಾವು ನಾಲ್ವರೂ ಒಟ್ಟಿಗೆ ಕೂರಬೇಕಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾರ್ಖಾನೆಗಳ ಸ್ಟೋರ್ಸಿಗೆ, ಅಂದರೆ ಎಷ್ಟು ಬೋಲ್ಟು ಬಂತು ಎಷ್ಟು ಹೋಯಿತು ಎಂಬ ಲೆಕ್ಕಕ್ಕೆ, ಫಾಕ್ಸ್‌ಪ್ರೊ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕಸುಬು. ನಾನು ಅದನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ, ಆ ಬಗ್ಗೆ ಜಂಬವೂ ಇತ್ತು. ಅಷ್ಟರಲ್ಲಿ ನಮ್ಮ ದೊಡ್ಡ ಗಿರಾಕಿ, ಲಾರಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆ, ತಕರಾರು ತೆಗೆಯಿತು. ಇನ್ನು ಮೇಲೆ ಎಲ್ಲವೂ ಬ್ರೌಸರಿನಲ್ಲಿ ತೆರೆಯಬೇಕು, ಡಿಸೆಂಬರಿನಲ್ಲಿ ಮಾಡಿ ತೋರಿಸಿ, ಆಗದಿದ್ದರೆ ಬೆಂಗಳೂರಿನವರಿಗೆ ಕೊಡುತ್ತೇವೆ ಎಂದಿತು.

ನಮ್ಮ ಓನರ್ ತಮಿಳರು, ಕನ್ನಡ ಚೆನ್ನಾಗಿಯೇ ಆಡುವವರು. ನನ್ನನ್ನು ಕರೆದು, "ಈ ಕೆಲ್ಸ ಕೈ ಬಿಟ್ರೆ ಸಾಫ್ಟ್‌ವೇರ್ ಮುಚ್ಚೋದೇಮ್ಮಾ. ನಿನ್ನ ಮನೆಗೆ ಕಳ್ಸಲ್ಲ, ಭಯ ಬೇಡ. ಕೆಳಗೆ ಅಂಗಡೀಲಿ ಪ್ರಿಂಟರ್ ರಿಬ್ಬನ್ ಮಾರ್ತೀವಲ್ಲ, ಆ ಕೌಂಟರ್‌ನಲ್ಲಿ ಕೂತ್ಕೊ" ಎಂದರು. ಅವರು ಹೇಳಿದ್ದು ದಯೆಯಿಂದಲೇ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಯಿತೆಂದು ಕೋಲಾರದ ಕಡೆಯಿಂದ ಬಂದವಳು ನಾನು. ಈ ಊರಿನಲ್ಲಿ ನನ್ನದು ಅಂತ ಇದ್ದದ್ದು ಪ್ರೋಗ್ರಾಂ ಬರೆಯುವ ಆ ಕೆಲಸವೊಂದೇ.

ಬ್ರೌಸರಿನಲ್ಲಿ ತೆರೆಯಬೇಕಾದರೆ ಜಾವಾ ಎಂಬ ಹೊಸ ಭಾಷೆ ಕಲಿಯಬೇಕೆಂದು ಓನರ್ ಒಂದು ಪುಸ್ತಕ ತಂದುಕೊಟ್ಟರು. ಇಟ್ಟಿಗೆ ಗಾತ್ರದ್ದು, ಆದರೆ ಒಂದೇ ಒಂದು. ನಾಲ್ವರ ಎಳೆದಾಟದಲ್ಲಿ ಯಾರೂ ಎರಡು ಪುಟ ನೆಟ್ಟಗೆ ಓದಲಾಗಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕುವವರಲ್ಲಿಗೆ ಒಯ್ದು ಅದನ್ನು ನಾಲ್ಕು ತುಂಡು ಮಾಡಿಸಿದೆವು. ಒಬ್ಬೊಬ್ಬರಿಗೆ ಒಂದೊಂದು ತುಂಡು. ಓದಿದ್ದನ್ನು ಶನಿವಾರ ಊಟವಾದ ಮೇಲೆ ಉಳಿದವರಿಗೆ ಪಾಠ ಹೇಳಬೇಕು. ವ್ಯವಸ್ಥೆಯೇನೋ ಚೆನ್ನಾಗಿತ್ತು. ಒಬ್ಬರು ತಮಿಳಿನಲ್ಲಿ ಹೇಳಿದರು, ಒಬ್ಬರು ತೆಲುಗಿನಲ್ಲಿ, ಉಳಿದ ನಾವಿಬ್ಬರು ಕನ್ನಡದಲ್ಲಿ. ಮೂರೂ ಭಾಷೆ ಎಲ್ಲರಿಗೂ ಬರುತ್ತಿದ್ದುದರಿಂದ ಅರ್ಥವಾಗಲಿಲ್ಲ ಎನ್ನುವ ನೆಪಕ್ಕೂ ದಾರಿಯಿರಲಿಲ್ಲ. ಆದರೆ ಹೊಟ್ಟೆ ತುಂಬ ಉಂಡು ಕೂತವರಿಗೆ ಯಾವ ಭಾಷೆಯಾದರೇನು, ಎಲ್ಲ ಜೋಗುಳವೇ. ಪಾಠ ಮುಗಿದಾಗ ಎಚ್ಚರವಾದವರು "ಸೂಪರ್" ಎನ್ನುತ್ತಿದ್ದೆವು.

ಹೀಗೆ ಕಂಪ್ಯೂಟರಿನಲ್ಲಿ ವಿವರ ತುಂಬುವ ಪರದೆ ಕಟ್ಟುವ ಭಾಗ ಓದಿದ್ದ ನಾನು ಪರದೆ ಕಟ್ಟಿದೆ. ಪರದೆಯಲ್ಲಿ ತುಂಬಿದ್ದನ್ನು ಒಳಗೆ ಸೇರಿಸಿ ಉಳಿಸುವ ಭಾಗ ಉದ್ದನಪಲ್ಲಿಯ ಸಹೋದ್ಯೋಗಿಯ ಪಾಲಿಗೆ ಬಂದಿತ್ತು. ಎರಡು ಮಕ್ಕಳ ತಂದೆ, ಬೆಳಗ್ಗೆ ರಾಗಿ ಹೊಲ ನೋಡಿಕೊಂಡು ಬಸ್ ಹತ್ತಿ ಬರುವವನು, ನನ್ನನ್ನು ಅಕ್ಕ ಎನ್ನುವವನು. ಡಿಸೆಂಬರಿನ ಮೊದಲ ವಾರ ಇಬ್ಬರ ಕೆಲಸವನ್ನೂ ಜೋಡಿಸಿ ನೋಡಿದೆವು. ಎಲ್ಲೂ ತೊಡಕಿಲ್ಲದೆ ನಡೆಯಿತು.

ತೋರಿಸುವ ದಿನ ಹದಿನೆಂಟನೇ ತಾರೀಕು. ಓನರ್ ಮತ್ತು ನಾನು ಆಫೀಸಿನ ಕಂಪ್ಯೂಟರನ್ನೇ ಆಟೋದಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದೆವು. ಉದ್ದನಪಲ್ಲಿಯವನು ನೇರ ಅಲ್ಲಿಗೇ ಬರಬೇಕಿತ್ತು, ಬರಲಿಲ್ಲ. ಸ್ಟೋರ್ಸ್ ಆಫೀಸರ್ ಕಾಯುವ ಪೈಕಿಯಲ್ಲ. ಬೋಲ್ಟಿನ ಹೆಸರು, ಅಂದಿನ ತಾರೀಕು ತುಂಬಿ ಸೇವ್ ಒತ್ತೇಬಿಟ್ಟರು. ಪರದೆಯ ತುಂಬ ಕೆಂಪು ಅಕ್ಷರ ಮೂಡಿತು.

"ಎನ್ನಮ್ಮಾ ಇದು?" ಎಂದರು ಆಫೀಸರ್ ತಮಿಳಿನಲ್ಲಿ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಓನರ್ ಕೈಯಿಂದ ಮೊಬೈಲ್ ಕಸಿದುಕೊಂಡು ಉದ್ದನಪಲ್ಲಿಯವನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಪಿಸುಮಾತು ಕೇಳಿಸಿತು.

"ಅಕ್ಕಾ, ಸಾನಮಾವು ಕಾಡ್ನಾಗೆ ಬಸ್ ನಿಂತೈತೆ. ರೋಡ್ಗೆ ಅಡ್ಡಲಾಗಿ ಆನೆ ನಿಂತವೆ."

"ಜೋರಾಗಿ ಮಾತಾಡ್ಲಾ, ಕೇಳ್ಸ್ತಿಲ್ಲ!"

"ಜೋರಾಗ್ ಮಾತಾಡಿದ್ರೆ ಕೆಳಕ್ಕಿಳ್ಸ್ತೀನಿ ಅಂತಾವ್ನೆ ಕಂಡಕ್ಟರು."

"ಸೇವ್ ಆಯ್ತಿಲ್ಲ ಕಣ್ಲಾ, ಏನ್ ಮಾಡ್ಲಿ?"

"ನನ್ ಫೈಲ್ ತೆಗ್ದು ಓದಕ್ಕಾ, ಗೊತ್ತಾಯ್ತದೆ. ಅಯ್ಯೋ, ಮರಿ ಈ ಕಡೀಕೇ ಬತ್ತಾ ಐತೆ, ಇಡ್ತೀನಿ!"

ಫೋನ್ ಕಟ್ಟಾಯಿತು. ವಿಷಯ ತಿಳಿದ ಆಫೀಸರ್ ನಗುತ್ತಲೇ, ಗೊತ್ತಿರುವವರು ಬರಲಿ ಬಿಡಿ, ಇನ್ನೊಂದು ದಿನ ನೋಡೋಣ ಎಂದು ಎದ್ದರು. ಆ ಇನ್ನೊಂದು ದಿನ ಬೆಂಗಳೂರಿನವರದು ಎಂದು ನನಗೆ ಗೊತ್ತಿತ್ತು. ಕೌಂಟರಿನ ಹಿಂದೆ ರಿಬ್ಬನ್ ಡಬ್ಬಗಳ ನಡುವೆ ಕೂತ ನಾನೇ ಕಣ್ಮುಂದೆ ಬಂದೆ. "ಒಂದು ಕಾಫಿ ಕುಡ್ಕೊಂಡ್ ಬನ್ನಿ ಸಾರ್, ಅಷ್ಟರಲ್ಲಿ ನೋಡ್ತೀನಿ" ಎಂದೆ. ಅವರು ಹೊರಟ ಕೂಡಲೇ ಕೀಬೋರ್ಡ್ ಎಳೆದುಕೊಂಡೆ.

ಅವನ ಫೈಲ್ ತೆರೆದರೆ ಮೊದಮೊದಲು ಬೇರೆಯವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಹುಡುಕಿದ ಹಾಗಾಯಿತು. ನಿಧಾನಕ್ಕೆ ಓದುತ್ತ ಹೋದೆ. ಸಾಮಾನು ಬಂತೆ, ಬರೆದುಕೊ. ಕೇಳಿದರೆ, ಇದೆಯೇ ನೋಡು. ಇದ್ದರೆ ಕೊಡು. ಅರೆ, ಇದು ನಾನು ಫಾಕ್ಸ್‌ಪ್ರೊದಲ್ಲಿ ವರ್ಷಗಟ್ಟಲೆ ಬರೆದದ್ದೇ ಅಲ್ಲವೇ! ಧೈರ್ಯ ಬಂತು. ಮುಂದಿನ ಸಾಲುಗಳಲ್ಲೇ ತಪ್ಪು ಸಿಕ್ಕಿತು. ನನ್ನ ಪರದೆ ಮೊದಲು ದಿನ, ಆಮೇಲೆ ತಿಂಗಳು ಕೊಡುತ್ತಿತ್ತು. ಅವನು ಮೊದಲು ತಿಂಗಳು, ಆಮೇಲೆ ದಿನ ಎಂದು ಓದಿಕೊಳ್ಳುತ್ತಿದ್ದ. ಹದಿನೆಂಟನೇ ತಿಂಗಳು ಯಾವ ಪಂಚಾಂಗದಲ್ಲೂ ಇಲ್ಲ. ನಾವು ಪರೀಕ್ಷೆ ಮಾಡಿದ್ದು ತಿಂಗಳ ಮೊದಲ ವಾರವಾದ್ದರಿಂದ ಡಿಸೆಂಬರ್ ಮೂರರ ಬೋಲ್ಟುಗಳು ಮಾರ್ಚ್ ಹನ್ನೆರಡಕ್ಕೆ ಹೋಗಿ ಸದ್ದಿಲ್ಲದೆ ಕೂತಿದ್ದವು. ತಾರೀಕಿನ ಪಾಠ ಇದ್ದದ್ದು ಮೂರನೆಯ ತುಂಡಿನಲ್ಲಿ. ಆ ಶನಿವಾರ ನಾವಿಬ್ಬರೂ ಗೊರಕೆ ಹೊಡೆದಿದ್ದೆವು.

ಸರಿಪಡಿಸಿದೆ. ಆಫೀಸರ್ ಬಾಯಿ ಒರೆಸಿಕೊಂಡು ಬಂದರು.

"ಇನ್ನೊಂದ್ಸಲ ಒತ್ತಿ ಸಾರ್."

ಒತ್ತಿದರು. ಸೇವ್ ಆಯಿತು. ಅವರು ಸಮಾಧಾನವಾಗದೆ ಮತ್ತೆ ಮತ್ತೆ ಒತ್ತಿದರು, ಪ್ರತಿ ಸಲವೂ ಆಯಿತು. ಕೊನೆಗೆ ಪೊಂಗಲ್ ಮುಗಿದ ಮೇಲೆ ಸ್ಟೋರ್ಸಿಗೆ ಹಾಕಿಬಿಡಿ ಎಂದರು.

ವಾಪಸು ಬರುವಾಗ ಆಟೋದಲ್ಲಿ ಮಾನಿಟರ್ ತೊಡೆಯ ಮೇಲಿಟ್ಟುಕೊಂಡು ನಾನು ಅತ್ತೆ. ನಾಚಿಕೆಯಾಗಲಿಲ್ಲ, ಸಂತೋಷಕ್ಕೇ ಅತ್ತದ್ದು. ಓನರ್ ಏನು ಮಾಡಬೇಕೆಂದು ತೋಚದೆ ಹೊರಗೆ ನೋಡುತ್ತಿದ್ದರು.

"ಕೌಂಟರ್‌ಗೆ ಈಗ ಬೇರೆ ಯಾರನ್ನಾದ್ರೂ ಹುಡುಕ್ಬೇಕಲ್ಲಮ್ಮಾ" ಎಂದರು ಆಮೇಲೆ.

"ನೀವೇ ಕೂತ್ಕೊಳ್ಳಿ ಸಾರ್" ಎಂದೆ.